ಪೂಜೆಗಿಟ್ಟ ಲ್ಯಾಪ್‌ಟಾಪ್

ನನ್ನ ಮಗ ಕೌಶಲ್ ಕೈಲಾಗದವನೆಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಈಗ ಹಾಗೆ ಹೇಳುತ್ತಿರುವವನು ಅವನೇ. ಯಾರಿಗೆ ಬೈಯಲಿ?

ನಾನು ಮುಂಡಪ್ಪ. ನೌಪಾಡಾದ ಉಡುಪಿ ಹೋಟೆಲೊಂದರ ಅಡುಗೆಮನೆಯನ್ನು ಮೂವತ್ತೊಂದು ವರ್ಷ ನೋಡಿಕೊಂಡವನು. ಕೌಶಲ್ ಹುಟ್ಟಿ ಬೆಳೆದದ್ದು ವರ್ತಕ ನಗರದ ನಮ್ಮ ಒಂದು ರೂಮು-ಕಿಚನ್ನಿನಲ್ಲಿ. ಅವನ ಹಳೇ ಲ್ಯಾಪ್‌ಟಾಪಿನಲ್ಲಿ ಯಾವ ಗೇಮ್ ಹಾಕಿದರೂ ತಡೆತಡೆದು ಓಡುತ್ತಿತ್ತು. ಗೆಳೆಯರು ಹೊಸದು ಕೊಂಡರು. ಇವನು ಮಾತ್ರ ಹಳೇ ಡಬ್ಬಾದಲ್ಲೂ ಸಲೀಸಾಗಿ ಓಡುವ ಗೇಮ್ ತಾನೇ ಮಾಡುತ್ತೇನೆಂದು ಹಠ ಹಿಡಿದ. ಇಪ್ಪತ್ತೊಂಬತ್ತು ತುಂಬಿದರೂ ಹಠ ಬಿಡಲಿಲ್ಲ. ಮೂರು ವರ್ಷ ಒಬ್ಬನೇ ಕೂತು ಒಂದನ್ನು ಮಾಡಿ ಮುಗಿಸಿದ. ಕಲ್ಯಾಣ್ ಸ್ಟೇಷನ್ನಿನ ಗರ್ದಿಯಲ್ಲಿ ಕೈತಪ್ಪಿದ ತಂಗಿಯನ್ನು ಮುಖ ನೋಡಿ ಹುಡುಕುವ ಆಟ ಅದು.

ಪರದೆಯಲ್ಲಿ ಜನ ಹೆಚ್ಚಾದಂತೆ ಲ್ಯಾಪ್‌ಟಾಪಿಗೆ ಏದುಸಿರು ಬರುತ್ತದಂತೆ. ಆಗ ಗೇಮ್ ತಾನಾಗಿಯೇ ಚಿತ್ರದ ಚುಕ್ಕೆಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಚಿತ್ರ ತುಸು ಮಸುಕಾದರೂ ಓಟ ತಡೆಯುವುದಿಲ್ಲ. ಜನ ಕರಗಿದ ಮೇಲೆ ಮತ್ತೆ ಸ್ಪಷ್ಟವಾಗುತ್ತದೆ.

"ಅಂದ್ರೆ ರಶ್ ಆದಾಗ ಸಾಂಬಾರಿಗೆ ನೀರು ಹಾಕುದು" ಎಂದೆ.

"ಸೇಮ್ ಟು ಸೇಮ್, ಪಪ್ಪಾ! ಲೇಕಿನ್ ಗಿರಾಕಿಗೆ ಗೊತ್ತಾಗ್ಬಾರ್ದು!" ಎಂದು ಬಿದ್ದು ಬಿದ್ದು ನಕ್ಕ.

ವಾಗ್ಳೆ ಎಸ್ಟೇಟಿನ ಒಂದು ಗೇಮ್ ಕಂಪನಿ ಕರೆಯಿತು. ದಸರಾದ ಮರುದಿನ ಹತ್ತು ಗಂಟೆಗೆ ಬಂದು ನಿನ್ನ ಹಳೇ ಲ್ಯಾಪ್‌ಟಾಪಿನಲ್ಲೇ ಓಡಿಸಿ ತೋರಿಸು. ಓಡಿದರೆ ಗೇಮೂ ನಮ್ಮದು, ನೀನೂ ನಮ್ಮವನು ಎಂದರು. ಹರಿಣಾಕ್ಷಿ, ನನ್ನ ಹೆಂಡತಿ, ಆಗಲೇ ಕಟೀಲಿಗೆ ಹರಕೆ ಹೊತ್ತಳು.

ಹೋಟೆಲಿನಲ್ಲಿ ದಸರಾದ ದಿನವೇ ನಡೆಯುವ ಆಯುಧ ಪೂಜೆಯೆಂದರೆ ನನ್ನ ಕೈಯದೇ ಆಗಿತ್ತು. ಗ್ರೈಂಡರಿನ ಒಂದೊಂದು ಸಂದಿಗೂ ಹೂ ಸಿಕ್ಕಿಸಬೇಕು. ಮರುದಿನ ಬೆಳಿಗ್ಗೆ ದೀಪ ಹಚ್ಚಿ ಕದಲಿಸುವವರೆಗೆ ಯಾರೂ ಮುಟ್ಟಕೂಡದು. ಆ ದಸರಾಕ್ಕೆ ಮಗನ ಲ್ಯಾಪ್‌ಟಾಪನ್ನೂ ಹಾಗೆಯೇ ಮಣೆಯ ಮೇಲಿಟ್ಟೆ. ಅರಿಶಿನ, ಕುಂಕುಮ, ಅಕ್ಷತೆ ಹಾಕಿದೆ. ಹಿಂಬದಿಯಲ್ಲಿ ಸಾಲಾಗಿ ಸಂದುಗಳಿದ್ದವು. ಎಷ್ಟು ಅನುಕೂಲ ಎಂದುಕೊಂಡು ಒಂದೊಂದಕ್ಕೂ ಚೆಂಡುಹೂವಿನ ಎಸಳು ತುರುಕಿದೆ.

ಸಂಜೆ ಕೌಶಲ್ ಬಂದು ನಿಂತ. "ಪಪ್ಪಾ, ನಿನ್ನೆ ಸ್ವಲ್ಪ ಕೋಡ್ ಬದಲು ಮಾಡಿದ್ದೇನೆ. ಏಕ್ ಬಾರ್ ಟೆಸ್ಟ್ ಮಾಡ್ತೇನೆ. ದಸ್ ಮಿನಿಟ್, ಬಸ್."

"ಪೂಜೆಗಿಟ್ಟದ್ದನ್ನು ಮುಟ್ಟುದಾ? ನಾಳೆ ದೊಡ್ಡ ಕೆಲಸ ಉಂಟು, ಇವತ್ತೇ ಅಪಶಕುನ ಮಾಡ್ತೀಯಾ? ಕೈ ತೆಗಿ!" ಎಂದು ಗದರಿದೆ. ಅವನು ಅಮ್ಮನ ಮುಖ ನೋಡಿದ. ಅವಳೂ ತಲೆ ಅಲ್ಲಾಡಿಸಿದಳು. ಪಾಪ, ಹೋಗಿ ಮಲಗಿದ.

ಬೆಳಿಗ್ಗೆ ಮೇಲಿದ್ದ ಹೂ ತೆಗೆದು, ಕುಂಕುಮ ಒರೆಸಿಕೊಂಡು ಹೋದ. ಹನ್ನೆರಡರೊಳಗೆ ವಾಪಸು ಬಂದ. ಪ್ಲಾಟ್‌ಫಾರ್ಮು ಖಾಲಿ ಇದ್ದಾಗಲೂ ಚಿತ್ರ ಮಸುಕಾಗುತ್ತಲೇ ಹೋಯಿತಂತೆ. ಜನ ಬರುವಷ್ಟರಲ್ಲಿ ಮುಖಗಳೆಲ್ಲ ಕಲಸಿಟ್ಟ ಹಿಟ್ಟಾಗಿದ್ದವಂತೆ. "ಇದರಲ್ಲಿ ತಂಗಿ ಯಾರು?" ಎಂದು ಅವರಲ್ಲೊಬ್ಬ ಕೇಳಿದನಂತೆ, ಉಳಿದವರು ನಕ್ಕರಂತೆ. ಇಷ್ಟು ಹೇಳಿ ಲ್ಯಾಪ್‌ಟಾಪನ್ನು ಕಪಾಟಿನ ಮೇಲೆ ಎಸೆದ. ಮತ್ತೆ ತೆಗೆಯಲಿಲ್ಲ. ಈಗ ಐರೋಲಿಯ ಕಾಲ್ ಸೆಂಟರಿನಲ್ಲಿ ಗಿರಾಕಿಗಳ ಬೈಗುಳ ಕೇಳುತ್ತಾನೆ. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತೂ ಇಲ್ಲ.

ಮೊನ್ನೆ ತಡೆಯಲಾರದೆ ಅದನ್ನು ನೌಪಾಡಾದ ರಿಪೇರಿಯವನ ಹತ್ತಿರ ಒಯ್ದೆ. ಮಷೀನು ಸರಿಯಾದರೆ ಹುಡುಗನೂ ಸರಿಯಾಗಬಹುದು ಎಂಬ ಆಸೆ. ಅವನು ತಳ ಬಿಚ್ಚಿದವನೇ ನಗತೊಡಗಿದ. "ಕಾಕಾ, ಪೂಜಾ ಕೇಲೀ ಹೋತೀ ಕಾ?" ಪೂಜೆ ಮಾಡಿದ್ದಿರಾ ಎಂದು ಕೇಳಿದ. ಒಳಗಿನ ಫ್ಯಾನಿಗೆ ಒಣಗಿದ ಎಸಳು ಸುತ್ತಿಕೊಂಡಿದ್ದವು; ಅಡಿಯಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಗಾಳಿಯಾಡದೆ ಮಷೀನು ಕಾದು ಸುಸ್ತಾಗಿದೆ, ಬೇರೇನೂ ದೋಷವಿಲ್ಲ ಎಂದ. ಆವತ್ತು ಖಾಲಿ ಪ್ಲಾಟ್‌ಫಾರ್ಮಿನಲ್ಲೂ ಅದಕ್ಕೆ ಏದುಸಿರು ಬಂದದ್ದು ಇದಕ್ಕೇ. ಅಯ್ಯೋ ದೇವರೇ, ನನ್ನ ಕೈಯಾರೆ! ಎಸಳನ್ನೆಲ್ಲ ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡೆ. ಮಗನಿಗೆ ತೋರಿಸಿ, ತಪ್ಪು ನಿನ್ನದಲ್ಲ ಮಾರಾಯ ಎಂದು ಹೇಳಲೇಬೇಕೆಂದು ನಿರ್ಧರಿಸಿ ಮನೆಗೆ ಬಂದೆ.

ಕೌಶಲ್ ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದ.

"ನಿನ್ನ ಲ್ಯಾಪ್‌ಟಾಪ್ ಸರಿಯಾಯ್ತು. ಆ ಗೇಮ್ ಒಮ್ಮೆ ಹಾಕಿ ನೋಡು" ಎಂದೆ.

"ಯಾವ ಗೇಮ್? ದೀಪಾವಳಿಯಲ್ಲೇ ಡಿಲೀಟ್ ಮಾಡಿದೆ, ಪಪ್ಪಾ. ಎಲ್ಲ ಕಡೆಯಿಂದ. ಆ ಕೋಡೇ ಗಲತ್ ಇತ್ತು." ತಲೆ ಎತ್ತಲಿಲ್ಲ. "ಮುಝೆ ಆತಾ ಹೀ ನಹೀ. ನನ್ನ ಕೈಲಾಗುದಿಲ್ಲ. ಅಷ್ಟೇ."

ಮೂವತ್ತೊಂದು ವರ್ಷ ಹೋಟೆಲಿನಲ್ಲಿ ಎಲ್ಲರ ಮೇಲೆ ಕೂಗಾಡಿದ ಬಾಯಿ ಇದು. ಕೈ ಜೇಬಿನಲ್ಲೇ ಇತ್ತು, ಕಾಗದದ ಪೊಟ್ಟಣ ಬೆರಳಿಗೆ ತಾಗುತ್ತಿತ್ತು.

"ಕೈ ತೊಳೆದು ಬಾ, ಊಟ ಮಾಡುವ" ಎಂದೆ.