ಸುಣ್ಣದ ನೀರಿನಲ್ಲಿ ನನಗೂ ಬಂದ ಕಾಮಣಿ

ಗೆಳೆಯರೇ, ಇವತ್ತು ಬೆಳಿಗ್ಗೆ ಇಳಕಲ್ಲಿನಲ್ಲಿ ನನಗೂ ಕಾಮಣಿ, ಅಂದರೆ ಕಾಮಾಲೆ, ಬಂತು.

ಅಕ್ಕನ ಗಂಡ ಮಲ್ಲಪ್ಪ ಮಾವನ ಕಣ್ಣುಗಳು ಹಳದಿಯಾಗಿವೆ. ಊಟ ಸೇರುತ್ತಿಲ್ಲ, ಮಗ್ಗದ ಮುಂದೆ ಕೂರಲೂ ಆಗುತ್ತಿಲ್ಲ. ದವಾಖಾನೆಗೆ ಹೋಗೋಣವೆಂದರೆ ಅಕ್ಕ ಕೇಳದೆ, ಕಾಮಣಿ ಇಳಿಸುವ ಅಜ್ಜನ ಮುಂದೆ ಅವರನ್ನು ಕೂರಿಸಿದ್ದಳು. ಅಜ್ಜ ಮಾವನ ಕೈಗೆ ಯಾವುದೋ ತೊಗಟೆಯ ರಸ ಸವರಿ, ಸುಣ್ಣದ ತಿಳಿನೀರಿನಲ್ಲಿ ತೊಳೆಸಿದ. ನೀರು ಹಳದಿಯಾಯಿತು.

"ನೋಡವ್ವಾ, ಕಾಮಣಿ ಹೆಂಗ ಇಳಿಯಾಕತ್ತೈತಿ."

ಬಣ್ಣ ತೋರಿಸಿ ಜೀವದ ಜೊತೆ ಆಡುವ ಈ ಆಟಕ್ಕೆ ನನಗೆ ಮೈಯೆಲ್ಲ ಉರಿಯಿತು. "ಅಜ್ಜಾರ, ನನ್ನ ಕೈಗೂ ಹಚ್ರಿ" ಎಂದೆ. ಬೇರೆ ಬೋಗುಣಿಯಲ್ಲಿ ತೊಳೆದೆ. ಆ ನೀರೂ ಹಳದಿ.

"ನೋಡಕ್ಕಾ, ರಸಕ್ಕ ಸುಣ್ಣ ಕೂಡಿದ್ರ ಬರೋ ಬಣ್ಣ ಇದು. ರೋಗ ಕೈಯಾಗಿಲ್ಲ, ಲಿವರ್‌ನ್ಯಾಗ ಐತಿ."

ಅಜ್ಜ ನನ್ನನ್ನೇ ದಿಟ್ಟಿಸಿದ. "ತಮ್ಮಾ, ನಿನಗೂ ಒಳಗ ಐತಿ."

"ಹಂಗಾದ್ರ ನಿಮ್ಮ ಕೈನೂ ತೊಳೀರಿ, ನೋಡೂಣು."

ಅಜ್ಜ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಮಲ್ಲಪ್ಪ ಮಾವ ನಗುತ್ತಾ ಎದ್ದರು. "ಕಾಮಣಿ ನನಗಷ್ಟ ಅಲ್ಲ, ಊರಿಗೇ ಬಂದೈತಿ. ನಡಿಯೋ, ದವಾಖಾನಿಗೆ ಹೋಗೂಣು."

ರಕ್ತದ ತಪಾಸಣೆ ಮಾಡಿ, ಮಾವನಿಗೆ ಹಾಸಿಗೆ ಕೊಟ್ಟಿದ್ದಾರೆ. ಹುಷಾರಾಗುತ್ತಾರೆ ಅಂದರು ಡಾಕ್ಟರು.

ಗೆದ್ದ ಖುಷಿಯಲ್ಲಿ ಮಧ್ಯಾಹ್ನ ಮನೆಗೆ ಬಂದೆ. ಒಲೆಯ ಮೇಲೆ ಎಣ್ಣೆಗಾಯಿ ಘಮಘಮ ಅನ್ನುತ್ತಿತ್ತು. ನನ್ನ ತಾಟಿಗೆ ಬಿದ್ದದ್ದು ಬರೀ ಮಜ್ಜಿಗೆ ಅನ್ನ.

"ಅಕ್ಕಾರ ಫೋನ್ ಬಂದಿತ್ತು" ಎಂದಳು ಹೆಂಡತಿ. "ನಿಮ್ಮ ಕೈ ನೀರೂ ಹಳದಿ ಆತಂತ. ಇನ್ನೊಂದು ವಾರ ನಿಮಗ ಎಣ್ಣಿ, ಖಾರ ಬಂದ್."

ಮೂಢನಂಬಿಕೆಯ ವಿರುದ್ಧ ಬೀದಿಯಲ್ಲಿ ಎಷ್ಟೋ ಘೋಷಣೆ ಕೂಗಿದ್ದೇನೆ. ಅಡುಗೆಮನೆಯಲ್ಲಿ ಮಜ್ಜಿಗೆ ಅನ್ನ ಕಲಸಿ ಉಂಡೆ.