ಇಪ್ಪತ್ತರಾಗ ಆರು ರೊಟ್ಟಿ

ಪ್ಯಾಕಿಂಗ್ ಮಶೀನಿಗೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆಗೆ ಪಕ್ಕದ ಮನೆಯ ಕಾಕಾ ನೆನಪಾದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟರೂ ಅವರ ಮೈಯಿಂದ ಲೇತ್ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಯಾರದೋ ವರ್ಕ್‌ಶಾಪಿನಲ್ಲಿ ಸಂಬಳಕ್ಕಿದ್ದಾರೆ ಎಂದಷ್ಟೇ ನಮಗೆ ಗೊತ್ತಿತ್ತು...

ಬೆಂಗೇರಿಯ ನಮ್ಮ ರೊಟ್ಟಿ ಕಂಪನಿ ಆಗಿನ್ನೂ ಚಿಕ್ಕದು. ಒಟ್ಟು ಹತ್ತು ಶೇರಿನಲ್ಲಿ ಆರು ನನ್ನವು, ನಾಲ್ಕು ನನ್ನ ನಾದಿನಿಯವು. ಹದಿನಾಲ್ಕು ಹೆಣ್ಣುಮಕ್ಕಳು ಕೈಯಲ್ಲೇ ರೊಟ್ಟಿ ಬಡಿಯುತ್ತಿದ್ದರು. ಪುಣೆಯ ವ್ಯಾಪಾರಿಯೊಬ್ಬರು ಬಂಡವಾಳ ಹಾಕುತ್ತೇನೆ, ಈಗಿರುವಷ್ಟೇ ಹೊಸ ಶೇರು ಹೊರಡಿಸಿ ನನಗೆ ಕೊಡಿ ಎಂದರು. ನನ್ನ ಒಂದು ಶೇರನ್ನೂ ಮಾರಬೇಕಿರಲಿಲ್ಲ. ನನಗೆ ಆಕಾಶಕ್ಕೆ ಮೂರೇ ಗೇಣು. ಪೇಢೆ ಹಿಡಿದು ಕಾಕಾನ ಮನೆಗೆ ಓಡಿದೆ. ಅವರು ಪೇಢೆ ಮುಟ್ಟಲಿಲ್ಲ. ರೊಟ್ಟಿ ಬುಟ್ಟಿ ತರಿಸಿ ಅದರಲ್ಲಿ ಹತ್ತು ಎಣಿಸಿಟ್ಟರು.

"ಇದರಾಗ ನಿನ್ನವೆಷ್ಟವ್ವ?"

"ಆರು ರೀ."

ಮತ್ತೆ ಹತ್ತು ಇಟ್ಟರು. "ಈಗ?"

"ಈಗೂ ಆರ ಅಲ್ರೀ ಕಾಕಾ."

"ಆರು ಖರೇ. ಆದ್ರ ಇಪ್ಪತ್ತರಾಗ ಆರು. ಹತ್ತು ಅಂವನವು. ನಿನ್ನ ರೊಟ್ಟಿ ಯಾರೂ ಮುಟ್ಟಿಲ್ಲ, ಆದ್ರ ಬುಟ್ಟಿ ನಿನ್ನ ಕೈಯಾಗ ಉಳಿದಿಲ್ಲ. ನಾಳೆ ಅಂವ, ನಿನ್ನ ನಾದಿನಿ ಕೂಡಿ, ಬಡಿಯೋ ಹೆಣ್ಮಕ್ಕಳು ಬ್ಯಾಡ, ಮಶೀನ್ ತರೂಣು ಅಂದ್ರ ಏನ್ ಮಾಡ್ತಿ?"

ನನಗೆ ಸಿಟ್ಟೇ ಬಂತು. ವ್ಯಾಪಾರಿಯನ್ನು ಕರೆತಂದವರು ನಾದಿನಿಯ ಮಾವ, ನಮಗೆ ಬೀಗರು. ಅವರ ಮಾತು ಹೇಗೆ ತೆಗೆದುಹಾಕಲಿ ಎಂದೆ.

ಕಾಕಾ ರೊಟ್ಟಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ನಾನೂ ಬೀಗರ ಮುಲಾಜಿಗೇ ಬಿದ್ದಿದ್ನವ್ವ" ಎಂದರು. ಆ ವರ್ಕ್‌ಶಾಪನ್ನು ಬೀಗರ ಜೊತೆ ಸೇರಿ ಕಟ್ಟಿದವರೇ ಅವರಂತೆ. ಹೊಸ ಶೇರು ಹೊರಟಾಗ ಅದರಲ್ಲಿ ಪಾಲು ಕೊಳ್ಳುವ ಹಕ್ಕು ಅವರಿಗೂ ಬಂದಿತ್ತು. ಮಗಳನ್ನು ಕೊಟ್ಟ ಮನೆಯವರೆದುರು ನನಗೂ ಬೇಕು ಎನ್ನಲು ನಾಚಿಕೆಪಟ್ಟು, ಎಲ್ಲಾ ನಿಮ್ಮ ಹುಡುಗರಿಗೇ ಇರಲಿ ಎಂದು ಸಹಿ ಹಾಕಿಕೊಟ್ಟಿದ್ದರು. ಅವರ ಶೇರುಗಳು ಇದ್ದಷ್ಟೇ ಉಳಿದವು, ಮಾತು ಮಾತ್ರ ನಡೆಯದಾಯಿತು. ಕೊನೆಗೆ ತಾವು ಕಟ್ಟಿದ ಜಾಗದಲ್ಲೇ ಸಂಬಳಕ್ಕೆ ನಿಂತರು. ಇಷ್ಟು ವರ್ಷ ಗೋಡೆಗೆ ಗೋಡೆ ಹತ್ತಿ ಇದ್ದರೂ ಯಾರಿಗೂ ಹೇಳಿರದ ಸಂಗತಿಯನ್ನು ನನಗೋಸ್ಕರ ಹೇಳಿದರು.

"ಬೀಗರು ನಾಕು ದಿನ ಸಿಟ್ಟಾಗ್ತಾರ, ಆಗ್ಲಿ ಬಿಡು" ಎಂದು ಆಮೇಲೆ ಪೇಢೆ ಬಾಯಿಗೆ ಹಾಕಿಕೊಂಡರು.

ಹತ್ತರ ಬದಲು ಒಂದೇ ಹೊಸ ಶೇರು ಕೊಡುತ್ತೇನೆ ಎಂದೆ. ವ್ಯಾಪಾರಿ ಗೊಣಗುತ್ತಲೇ ಒಪ್ಪಿ, ಅದಕ್ಕೆ ತಕ್ಕಷ್ಟೇ ಹಣ ಹಾಕಿದರು. ಬೀಗರು ಎರಡು ಹಬ್ಬಕ್ಕೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಕಂಪನಿ ಕುಂಟುತ್ತಲೇ ಬೆಳೆಯಿತು, ಸುಳ್ಳೇಕೆ ಹೇಳಲಿ.

ಹೋದ ವಾರದ ಮೀಟಿಂಗಿನಲ್ಲಿ ಹೆಣ್ಣುಮಕ್ಕಳನ್ನು ಬಿಡಿಸಿ ಮಶೀನು ತರುವ ಮಾತು ಬಂದೇಬಂತು. ವ್ಯಾಪಾರಿ, ನಾದಿನಿ ಸೇರಿ ಐದು. ನಾನೊಬ್ಬಳೇ ಆರು. ಹದಿನಾಲ್ಕೂ ಜನರ ಕೆಲಸ ಉಳಿಯಿತು. ಯಾರಿಂದ ಉಳಿಯಿತೆಂದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಆ ಋಣ ತೀರಿಸುವಂಥದ್ದಲ್ಲ.

ಕಾಕಾ ಹೋಗಿ ಎರಡು ವರ್ಷವಾಯಿತು. ಬೀಗರ ಮುಲಾಜಿಗೆ ಅವರು ಎದುರಾಡಲಾಗಲಿಲ್ಲ, ಹೋದ ವಾರದ ಮೀಟಿಂಗಿನಲ್ಲಿ ನಾನು ಗಟ್ಟಿಯಾಗಿಯೇ ಹೇಳಿದೆ: "ಬ್ಯಾಡ ರೀ." ಕೇಳಲು ಅವರಿರಬೇಕಿತ್ತು.