ರೇಡಿಯೋದವರಿಗೆ ಹೇಳಿದವರು ಯಾರು?

ನಗುನಗುತ್ತ ಬರುವವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಗಿರಾಕಿ ನಗುತ್ತಿದ್ದರೆ, ಹೋದ ವಾರ ಒಯ್ದ ತಾಡಪತ್ರಿಯನ್ನು ಚೆನ್ನಾಗಿ ಬಳಸಿ, ಮಡಚಿ, ವಾಪಸು ಕೊಡಲು ಬಂದಿದ್ದಾನೆ ಎಂದೇ ತಿಳಿಯಬೇಕು. ಮುಖ ಗಂಟು ಹಾಕಿಕೊಂಡು ಬಂದವನೇ ಕೊಳ್ಳುವವನು. ರಾಣೆಬೆನ್ನೂರಿನಲ್ಲಿ ಹಗ್ಗ, ತಾಡಪತ್ರಿ, ಗೋಣಿಚೀಲ ಮಾರುತ್ತ ಕಲಿತದ್ದು ಇದು. ನಿಮಗೆ ಪುಕ್ಕಟೆ ಹೇಳಿದ್ದೇನೆ, ಇಟ್ಟುಕೊಳ್ಳಿ. ಹೀಗಿರುವಾಗ, ಬೆಳಗಾಗುವುದೇ ತಡ ಕಾರಣವಿಲ್ಲದೆ ನಗಲು ಶುರುಮಾಡುವ ಇಬ್ಬರನ್ನು ನಾನು ಹೇಗೆ ನಂಬಲಿ?

ಆ ಇಬ್ಬರು ರೇಡಿಯೋದವರು. ಪೆಟ್ಟಿಗೆಯ ರೇಡಿಯೋ ಅಲ್ಲ, ಮೊಬೈಲಿನೊಳಗೆ ಬರುವಂಥದ್ದು. ನನ್ನ ಮಗಳು ಶೈಲಾ ಹಾಕಿಕೊಟ್ಟದ್ದು. ಗಂಡಸಿನ ಹೆಸರು ಗಿರಮಿಟ್ ಗಂಗಣ್ಣ, ಹೆಂಗಸಿನ ಹೆಸರು ಚಕ್ಕುಲಿ ಚಂದ್ರಕ್ಕ. ಹೆತ್ತವರು ಇಂಥ ಹೆಸರಿಟ್ಟಿರಲಾರರು. ಅಂದಮೇಲೆ ಮೊದಲ ಮಾತೇ ಸುಳ್ಳಾಯಿತು. ಎಲ್ಲೆಲ್ಲಿಂದಲೋ ವಿಚಿತ್ರ ಸುದ್ದಿ ಆರಿಸಿ ತಂದು, ಅದರ ತಲೆಗೊಂದು ಮಾತು ಕುಟ್ಟಿ, ಬಾಲಕ್ಕೊಂದು ಮಾತು ಕಟ್ಟಿ, ಒಬ್ಬರ ಕಾಲನ್ನು ಒಬ್ಬರು ಎಳೆಯುತ್ತ ತಾಸು ಕಳೆಯುತ್ತಾರೆ. ಯಾವುದೋ ದೇಶದಲ್ಲಿ ಕಳ್ಳನೊಬ್ಬ ಹಾಸಿಗೆ ಅಂಗಡಿಗೆ ನುಗ್ಗಿ, ಮೆತ್ತಗಿದೆಯೇ ನೋಡೋಣವೆಂದು ಮಲಗಿ, ಮಾಲೀಕ ಬಂದು ಎಬ್ಬಿಸುವ ತನಕ ಗೊರಕೆ ಹೊಡೆದನಂತೆ.

"ಅಂವಾ ಕಳ್ಳ ಅಲ್ಲೋ ಗಂಗಣ್ಣ, ಗಿರಾಕಿ. ನೋಡಿ ತಗೊಳ್ಳಾಕ ಬಂದಿದ್ದ" ಎಂದಳು ಚಂದ್ರಕ್ಕ.

"ಹಂಗಾದ್ರ ನಮ್ಮ ಆಫೀಸಿನ್ಯಾಗ ಮಧ್ಯಾಹ್ನ ಎಲ್ಲಾರೂ ಗಿರಾಕಿಗೋಳ ಬಿಡು" ಎಂದ ಅವನು.

ದೇವರು, ಮಂತ್ರಿ, ಅತ್ತೆ, ಡಾಕ್ಟರು, ಯಾರಿಗೂ ಅವರಲ್ಲಿ ರಿಯಾಯಿತಿ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ಬಲ್ಲವರಿಗೆ ಈ ಸುದ್ದಿಗಳ ಜಾತಿ ಯಾವುದೆಂದು ಕೂಡಲೇ ಗೊತ್ತಾಗುತ್ತದೆ: ಬಣ್ಣ ಕಣ್ಣು ಕುಕ್ಕುವಷ್ಟು, ಖಾರ ನಾಲಗೆ ಹುಡುಕಬೇಕಾದಷ್ಟು. ಕೆಲವಕ್ಕೆ ತೂಕ ಬರಲೆಂದು ನೀರೂ ಹೊಡೆದಿರುತ್ತಾರೆ. ಆದ್ದರಿಂದ ಕೊಳ್ಳುವಾಗ ಚೀಲದ ಮೇಲಿನ ಕಾಯಿ ನೋಡಿ ತಲೆಯಾಡಿಸಬೇಡಿ, ತಳದವರೆಗೂ ಕೈ ಹಾಕಿ. ಮಾರುವಾಗ ಮಾತ್ರ ನೀವೇ ಚೀಲ ಸುರಿದು ತಳ ತೋರಿಸಿ. ದೋಷವನ್ನು ನೀವೇ ಮೊದಲು ಹೇಳಿಬಿಟ್ಟರೆ ಎದುರಿನವನಿಗೆ ಚೌಕಾಸಿ ಮಾಡಲು ಏನೂ ಉಳಿಯುವುದಿಲ್ಲ. ಈ ಮಾತನ್ನು ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಹೇಳುತ್ತ ಬಂದಿದ್ದೇನೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದೇ ತಿಳಿದಿದ್ದೆ.

ಸುದ್ದಿಗಿಂತಲೂ, ಕೇಳುಗರು ಕಳಿಸಿದ್ದು ಎಂದು ಅವರು ಹೇಳುವ ಕತೆಗಳ ಮೇಲೆ ನನಗೆ ಹೆಚ್ಚಿನ ಗುಮಾನಿ. ಹೆಸರು ಹೇಳುವುದಿಲ್ಲ, ಊರು ಮಾತ್ರ. ಗುತ್ತಲದಿಂದ ಒಬ್ಬರು ಬರೆದಿದ್ದಾರೆ ಎನ್ನುತ್ತಾರೆ. ಗುತ್ತಲದವರನ್ನು ನಾನು ಬಲ್ಲೆ; ಹಾವೇರಿ ಬಸ್ಸಿಗೆ ಕಾಯುತ್ತ ಪಕ್ಕದವನಿಗೆ ಹೇಳಿ ಮುಗಿಸಬಹುದಾದ ಕತೆಯನ್ನು ಅವರು ಕೂತು ಬರೆಯುವ ಮಂದಿಯಲ್ಲ. ಎಲ್ಲವೂ ಸ್ಟುಡಿಯೋದಲ್ಲೇ ತಯಾರಾದ ಮಾಲು ಎಂದು ನಾನು ಹೆಂಡತಿ ಗಿರಿಜೆಗೆ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ಹಗ್ಗದ ಸುರುಳಿ ಬಿಚ್ಚುತ್ತಿರುವಾಗ ಆ ನಂಬಿಕೆ ಮುರಿದುಬಿತ್ತು.

"ಇವತ್ತಿನ ಕತಿ ಹಾವೇರಿ ಕಡಿಂದ ಬಂದೈತಿ" ಎಂದು ಚಂದ್ರಕ್ಕ ಶುರುಮಾಡಿದಳು. "ಒಬ್ಬರು ವ್ಯಾಪಾರಸ್ಥರು. ಹರ್ನಿಯಾ ಆಪರೇಷನ್ ಆಗೇತಿ. ಇನ್ನೂ ಮತ್ತು ಇಳದಿಲ್ಲ. ಡಾಕ್ಟರು ಬಂದು ಚಾದರದ ಒಳಗ ಕೈ ಹಾಕಿ ನಾಡಿ ಹಿಡದ್ರು. ಈ ಪುಣ್ಯಾತ್ಮ ಏನ ಮಾಡಿರಬೇಕು?"

"ಕೈಗೆ ಮುತ್ತು ಕೊಟ್ಟಾ?"

"ಡಾಕ್ಟರ ಬೆರಳು ಹಿಡಕೊಂಡು ಬಿಲ್ಲಿನ ಚೌಕಾಸಿ ಚಾಲೂ ಮಾಡ್ಯಾನ. ದನದ ಸಂತ್ಯಾಗ ಟವೆಲ್ ಕೆಳಗ ಮಾಡ್ತಾರಲಾ, ಹಂಗ. ಡಾಕ್ಟರು ಕೈ ಎಳದ್ರ ಬಿಡವಲ್ಲ."

ಗಂಗಣ್ಣ ಎಷ್ಟು ಹೊತ್ತು ನಕ್ಕನೆಂದರೆ ನಡುವೆ ಒಂದು ಜಾಹೀರಾತು ಹಾಕಬೇಕಾಯಿತು.

ನೀವು ಆಗಲೇ ಸಂಶಯಪಟ್ಟಿರಬೇಕು. ಸರಿ, ಆ ವ್ಯಾಪಾರಸ್ಥ ನಾನೇ. ನನ್ನ ಅಪ್ಪ ಹಾವೇರಿ ದನದ ಸಂತೆಯಲ್ಲಿ ದಲ್ಲಾಳಿ. ಅಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನ ಕೈ ಮೇಲೆ ಟವೆಲ್ ಹಾಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನೂರು ಮಂದಿ ನಿಂತಿದ್ದರೂ ಇಬ್ಬರ ನಡುವಿನ ಮಾತು ಇಬ್ಬರಲ್ಲೇ ಉಳಿಯುತ್ತದೆ. ಅಕ್ಷರಕ್ಕಿಂತ ಮೊದಲು ನಾನು ಕಲಿತ ಭಾಷೆ ಅದು. ಬೆರಳುಗಳನ್ನು ಬಿಟ್ಟು ಅಂಗೈಯನ್ನು ಇಡಿಯಾಗಿ ಹಿಡಿದರೆ ‘ಇನ್ನು ಮಾತಿಲ್ಲ, ನಿನ್ನ ಮಾತೇ ಆಗಲಿ’ ಎಂದರ್ಥ. ಅಪ್ಪನ ಇಡೀ ಆಯುಷ್ಯದಲ್ಲಿ ಹಾಗೆ ಹಿಡಿದವರು ಅಪರೂಪವಂತೆ. ಈಗ ಹೇಳಿ, ಮಂಪರಿನಲ್ಲಿದ್ದವನ ಕೈಯನ್ನು ಬಟ್ಟೆಯ ಅಡಿಯಲ್ಲಿ ಮೊದಲು ಹಿಡಿದವರು ಯಾರು? ವ್ಯಾಪಾರ ಶುರುಮಾಡಿದ್ದು ಡಾಕ್ಟರೇ.

ನಕ್ಕರೆ ನಗಲಿ ಎನ್ನಬಹುದಿತ್ತು. ಆದರೆ ಆ ಭಾನುವಾರವೇ ಶೈಲಾಳ ಮದುವೆಯ ಮಾತುಕತೆ ಇತ್ತು. ಹುಡುಗ ಹುಡುಗಿ ಕದರಮಂಡಲಗಿ ಆಂಜನೇಯನ ಗುಡಿಯಲ್ಲಿ ಒಬ್ಬರನ್ನೊಬ್ಬರು ನೋಡಿ ಒಪ್ಪಿಯಾಗಿತ್ತು. ಅವಳ ಮುಖದಲ್ಲಿ ಹೊಸ ಕಳೆ ಬಂದಿತ್ತು. ಉಳಿದದ್ದು ಹಿರಿಯರ ಒಪ್ಪಿಗೆ. ಹುಡುಗನ ತಂದೆ ವೀರಭದ್ರಪ್ಪನವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ಅಳೆದು ತೂಗಿ ಮಾತಾಡುವವರು ಎಂದು ಹೆಸರಾದವರು. ಅವರ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರು ದಿನವೂ ಇದೇ ರೇಡಿಯೋ ಹಚ್ಚಿಕೊಂಡು ಕೂರುತ್ತಾರೆ ಎಂದು ಶೈಲಾಳೇ ಹಿಂದೊಮ್ಮೆ ಹೇಳಿದ್ದಳು. ಡಾಕ್ಟರನ್ನೇ ಬಿಡದವನು ಬೀಗರನ್ನು ಬಿಟ್ಟಾನೆಯೇ ಎಂದು ಅವರಿಗೆ ಅನ್ನಿಸಿದರೆ ಸಂಬಂಧ ಅಲ್ಲಿಗೆ ಮುಗಿದಂತೆ.

ಯಾರು ಹೇಳಿದರು? ಶೈಲಾ ಔಷಧ ತರಲು ಹೋಗಿದ್ದಳು, ಅವಳನ್ನು ಬಿಟ್ಟೆ. ಆ ಹೊತ್ತು ಆಸ್ಪತ್ರೆಯ ಕೋಣೆಯಲ್ಲಿದ್ದವರು ಗಿರಿಜೆ, ಅವಳ ತಮ್ಮ ಮಹಾಂತೇಶ, ಡಾಕ್ಟರು. ಮೊದಲು ಗಿರಿಜೆಯನ್ನು ಕೇಳಿದೆ.

"ಮನಿ ಬಿಟ್ಟು ಹೊರಗ ಯಾರಿಗೂ ಹೇಳಿಲ್ಲರಿ" ಎಂದಳು. ಎಷ್ಟು ಪ್ರಾಮಾಣಿಕವಾದ ಉತ್ತರ ಎಂದುಕೊಂಡು ಮುಂದೆ ಹೋದೆ. ಉತ್ತರದ ತಳಕ್ಕೆ ಕೈ ಹಾಕಲಿಲ್ಲ.

ಮಹಾಂತೇಶ ನನ್ನ ಪ್ರಶ್ನೆಗೆ ನೊಂದುಕೊಂಡ. "ಮಾಮಾ, ನಾ ಹೇಳಿದ್ರ ನಿಮ್ಮ ಹೆಸರು, ಅಂಗಡಿ ಹೆಸರು ಎಲ್ಲಾ ಹಾಕಿ ಹೇಳ್ತಿದ್ದೆ. ಅರ್ಧಾ ಕೆಲಸ ಮಾಡೋ ಪೈಕಿ ಅಲ್ಲ ನಾ" ಎಂದ. ಇದು ನಿಜ. ಅವನು ಅರ್ಧಕ್ಕೆ ಬಿಡುವವನಲ್ಲ.

ಹೊಲಿಗೆ ಎಳೆಯುತ್ತಿದೆ ಎಂದು ನೆಪ ಹೂಡಿ ಹಾವೇರಿಗೆ ಹೋಗಿ ಡಾಕ್ಟರನ್ನು ಕಂಡೆ. ಹೊಲಿಗೆ ನೋಡಲು ಅವರು ಹತ್ತಿರ ಬಂದವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ವಿಷಯ ತೆಗೆದಾಗ ನಕ್ಕು, "ಆ ಕತಿ ಹೇಳಬೇಕಂದ್ರ ಕಡೀಕ ನಾನ ಸೋತು ಕಡಿಮಿ ಮಾಡಿದ್ದೂ ಹೇಳಬೇಕಾಗ್ತದ. ಮರುದಿನ ಇಡೀ ವಾರ್ಡಿನವರು ಚಾದರದಾಗಿಂದ ಕೈ ಚಾಚತಾರ. ನನಗ ಬೇಕೇನ್ರಿ ಅದು?" ಎಂದರು. ಲಾಭವಿಲ್ಲದವನು ಮಾತಾಡುವುದಿಲ್ಲ, ಅವರನ್ನೂ ಬಿಟ್ಟೆ.

ಶನಿವಾರದ ಹೊತ್ತಿಗೆ ಕ್ಷೌರದವನನ್ನೂ ಚಹಾದವನನ್ನೂ ಸಂಶಯದಿಂದ ನೋಡುತ್ತಿದ್ದೆ. ಬೀದಿಯಲ್ಲಿ ಯಾರಾದರೂ ಕೈ ಕುಲುಕಿದರೆ ಯಾವ ಬೆರಳು ಒತ್ತಿದರೆಂದು ಗಮನಿಸುತ್ತಿದ್ದೆ. ಒಂದು ಮಾತು ಹೇಳುತ್ತೇನೆ: ಸಂಶಯ ಒಳ್ಳೆಯ ನಾಯಿ, ಅಂಗಡಿ ಕಾಯುತ್ತದೆ. ಆದರೆ ಮನೆಯ ಒಳಕೋಣೆಗೆ ಹೋಗಿ ಮೂಸುವುದಿಲ್ಲ.

ಭಾನುವಾರ ವೀರಭದ್ರಪ್ಪನವರು ಬಂದರು. ಬಿಳಿ ಅಂಗಿ, ಹೆಗಲ ಮೇಲೆ ಮಡಿಕೆ ಮುರಿಯದ ಟವೆಲ್. ಊಟಕ್ಕೆ ಕೂತಾಗ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ರೊಟ್ಟಿಯ ಪಕ್ಕದ ಕೆಂಪು ಚಟ್ನಿಯನ್ನು ಅವರು ಮುಟ್ಟಲಿಲ್ಲ. ಎಣ್ಣೆಗಾಯಿ ಬಾಯಿಗಿಟ್ಟವರು ಮೆಲ್ಲಗೆ ಗಿರಿಜೆಯನ್ನು ಕರೆದು, "ತಂಗೀ, ಒಂದೀಟ ಸಕ್ರಿ ಇದ್ರ ಕೊಡವಾ" ಎಂದರು. ಊರೂರಿಗೆ ಮೆಣಸಿನಕಾಯಿ ಕಳಿಸುವವರು ಖಾರ ತಿನ್ನಲಾರರು. ಅದನ್ನು ಮನಸ್ಸಿನಲ್ಲಿ ಒಂದು ಕಡೆ ಎತ್ತಿಟ್ಟೆ.

ಊಟವಾಯಿತು. ಮದುವೆ ಎಲ್ಲಿ, ಯಾರ ಕಡೆಯವರೆಷ್ಟು ಎಂಬ ಮಾತು ಇನ್ನೇನು ಬರಬೇಕು, ಅವರು ನೆಟ್ಟಗೆ ಕೂತರು.

"ಒಂದು ಮಾತು ಕೇಳೋದೈತಿ. ನಮ್ಮ ವಖಾರ್ಯಾಗ ಹೆಣ್ಣಮಕ್ಕಳು ರೇಡಿಯೋ ಹಚ್ಚಿರತಾರ. ಡಾಕ್ಟರ ಕೈ ಹಿಡಿದವರ ಕತಿ ಬಂದಿತ್ತು. ನಿಮ್ಮ ತಂದಿಯವರು ಹಾವೇರಿ ಸಂತ್ಯಾಗ ದಲ್ಲಾಳಿ ಇದ್ರು ಅಂತ ಕೇಳೇನಿ. ಅದಕ್ಕ ಕೇಳಾಕತ್ತೇನಿ. ಅವರು ನೀವನ ಏನ್ರಿ?"

ಒಳಗೆ ಬಳೆಯ ಸದ್ದು ನಿಂತಿತು. ರೇಡಿಯೋದವರು ಹೇಳುವುದೆಲ್ಲ ಸುಳ್ಳು ಎಂಬ ಮಾತು ನನ್ನ ನಾಲಗೆಯ ಮೇಲೆ ಬಹಳ ದಿನಗಳಿಂದ ತಯಾರಿತ್ತು, ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮುಂದೊಂದು ದಿನ ಅವರು ತಳಕ್ಕೆ ಕೈ ಹಾಕಿ ನಿಜ ತೆಗೆದರೆ, ಆ ಮನೆಯಲ್ಲಿ ಮಾತು ಕೇಳಬೇಕಾದವಳು ನನ್ನ ಮಗಳು.

"ಹೌದ್ರಿ" ಎಂದೆ. "ನಾನ."

"ಕಡಿಮಿ ಮಾಡಿದ್ರಾ?"

"ಮಾಡಿದ್ರು."

ಅವರು ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಸಿದರು. ಹಾಸ್ಯ ಮಾಡುತ್ತಿದ್ದಾರೆ, ಇನ್ನೇನು ಎದ್ದು ಹೋಗುತ್ತಾರೆ ಎಂದುಕೊಂಡೆ. ಟವೆಲಿನ ಕೆಳಗೆ ಅವರ ಕೈ ಬಂತು. ಯಾವ ಬೆರಳನ್ನೂ ಮುಟ್ಟಲಿಲ್ಲ. ನನ್ನ ಅಂಗೈಯನ್ನು ಇಡಿಯಾಗಿ ಹಿಡಿದರು.

"ನಮ್ಮಪ್ಪಗೂ ಈ ಭಾಷಾ ಬರ್ತಿತ್ತು" ಎಂದರು. "ಇದಕ್ಕೂ ಮೊದಲ ಮೂರು ಕಡೆ ಹೆಣ್ಣು ನೋಡಿ ಬಂದೇನಿ. ಎಲ್ಲಾರೂ ತಮ್ಮ ಮನಿ ಚೀಲದ ಮ್ಯಾಲಿನ ಕಾಯಿನ ತೋರಿಸಿದ್ರು."

ಅವರು ಹೋದ ಮೇಲೆ ಶೈಲಾ ಚಹಾದ ಕಪ್ಪು ಎತ್ತಲು ಬಂದು ಕೇಳಿದಳು. "ಅಪ್ಪಾ, ಯಾವ ಬೆರಳು ಹಿಡದ್ರು?"

"ಯಾವುದೂ ಇಲ್ಲವಾ. ಇಡೀ ಕೈ."

"ಹಂಗಾದ್ರ ಮಾಲು ಚೊಲೋ ಐತಿ ಬಿಡು" ಎಂದಳು. ಕಪ್ಪುಗಳನ್ನು ಒಂದರ ಮೇಲೊಂದು ಜೋಡಿಸುತ್ತ, "ರೇಡಿಯೋಕ್ಕ ನಾನ ಕಳಿಸಿದ್ದು. ಅವ್ವ ಹೇಳಿದ್ಲು, ನಾ ಬರದೆ. ದೋಷ ಮೊದಲ ಸುರುವಿ ತೋರಸ್ರಿ ಅಂತ ನೀನ ಊಟಕ್ಕ ಕೂತಾಗೊಮ್ಮೆ ಹೇಳ್ತಿದ್ದಿ. ಆ ಕತಿ ಕೇಳಿ ನಕ್ಕೋತ ಬರೋ ಬೀಗರು ಬರ್ಲಿ, ಬಿಡೋರು ಈಗ ಬಿಡ್ಲಿ ಅಂತ" ಎಂದಳು.

ಅಂಗಡಿಯಲ್ಲಿ ಇಷ್ಟು ವರ್ಷ ಕೂತ ನಾನೇ ದೋಷವೆಂದೂ, ಚೀಲ ಸುರಿದವಳು ಮಗಳೆಂದೂ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಬೈಯೋಣವೆಂದರೆ ಎಲ್ಲ ಮಾತೂ ನನ್ನವೇ.

ಮೊನ್ನೆ ವೀರಭದ್ರಪ್ಪನವರ ಫೋನು ಬಂದಿತ್ತು. ಊರಿಗೆಲ್ಲ ಮೆಣಸಿನಕಾಯಿ ಮಾರಿ, ತಾನು ಮಾತ್ರ ಎಣ್ಣೆಗಾಯಿಗೆ ಸಕ್ಕರೆ ಹಾಕಿಕೊಂಡು ತಿನ್ನುವ ಬ್ಯಾಡಗಿಯ ವ್ಯಾಪಾರಿಯೊಬ್ಬರ ಕತೆ ರೇಡಿಯೋದಲ್ಲಿ ಬಂದಿದೆಯಂತೆ. ಗಂಗಣ್ಣ ಚಂದ್ರಕ್ಕ ಇಬ್ಬರೂ ಬಿದ್ದು ಬಿದ್ದು ನಕ್ಕರಂತೆ. ವಖಾರಿಯ ಹೆಂಗಸರಂತೂ ತೊಟ್ಟು ಮುರಿಯುವುದನ್ನೇ ಬಿಟ್ಟು ಅವರ ಮುಖ ನೋಡಿದರಂತೆ.

"ಬೀಗರ, ಇದನ್ನ ಯಾರು ಹೇಳಿರಬೇಕು?" ಎಂದು ಕೇಳಿದರು. ದನಿಯಲ್ಲಿ ಗುಮಾನಿ ತುಂಬಿತ್ತು.

"ಸಂಶಯ ಮಾಡೋದಾದ್ರ ಯಾರನ್ನೂ ಬಿಡಬ್ಯಾಡ್ರಿ" ಎಂದು ತಿಳಿದದ್ದನ್ನು ಹೇಳಿದೆ.

ಅವರು ಲೆಕ್ಕ ಬರೆಯುವ ಮುನೀಮನಿಂದ ಶುರುಮಾಡಿ, ಕ್ಷೌರದವನನ್ನು ದಾಟಿ, ಸದ್ಯ ತಮ್ಮ ಹೆಂಡತಿಯ ತವರಿನವರ ತನಕ ಬಂದಿದ್ದಾರೆ. ನನ್ನ ಹತ್ತಿರ ಇನ್ನೂ ಬಂದಿಲ್ಲ. ಚೊಲೋ ಮನುಷ್ಯ, ಪಳಗಿದ ವ್ಯಾಪಾರಿ. ಆದರೆ ಬೀಗರ ಚೀಲ ಎಂದಕೂಡಲೇ ಅವರೂ ತಳಕ್ಕೆ ಕೈ ಹಾಕುವುದನ್ನು ಮರೆಯುತ್ತಾರೆ.